ಎಲೆಕ್ಟ್ರಾನ್ ವಿನ್ಯಾಸದಲ್ಲಿ ತಪ್ಪು ಎಲ್ಲಿದೆ? ಪತ್ತೆ ಹಚ್ಚುವ ಕ್ರಮ

ಪ್ರಥಮ ಪಿಯುಸಿಯ ಒಬ್ಬ ವಿದ್ಯಾರ್ಥಿನಿ ಕಬ್ಬಿಣದ +2 ಅಯಾನಿನ ಎಲೆಕ್ಟ್ರಾನ್ ವಿನ್ಯಾಸವನ್ನು [ಆರ್ಗಾನ್] 4ಎಸ್² 3ಡಿ⁴ ಎಂದು ಬರೆದು, ಅದರಲ್ಲಿ ಜೋಡಿಯಾಗದ ಎಲೆಕ್ಟ್ರಾನುಗಳು ನಾಲ್ಕು ಎಂದು ಉತ್ತರಿಸಿದ್ದಳು. (ಇಲ್ಲಿ [ಆರ್ಗಾನ್] ಎಂದರೆ ಆರ್ಗಾನ್‌ನಲ್ಲಿರುವಂತೆ ಕುಳಿತ ಒಳಗಿನ 18 ಎಲೆಕ್ಟ್ರಾನುಗಳು; 4, 3 ಕವಚದ ಸಂಖ್ಯೆಗಳು; ಎಸ್, ಡಿ ಅದರೊಳಗಿನ ಉಪಕವಚಗಳು; ಮೇಲ್ಬರಹದ ಅಂಕಿ ಅಲ್ಲಿರುವ ಎಲೆಕ್ಟ್ರಾನುಗಳ ಸಂಖ್ಯೆ.) ಉತ್ತರ ನಾಲ್ಕೇ ಆದ್ದರಿಂದ, ನೋಟ್‌ಬುಕ್ಕುಗಳ ರಾಶಿಯ ಮುಂದೆ ಕುಳಿತಿದ್ದ ನಾನು ಕೊನೆಯ ಸಾಲನ್ನಷ್ಟೇ ನೋಡಿ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದೆ. ಮುಂದಿನ ವಾರ ಅವಳು ಅದೇ ದಾರಿಯಲ್ಲಿ +3 ಅಯಾನಿಗೆ 4ಎಸ್² 3ಡಿ³ ಎಂದು ಬರೆದು ಮೂರು ಎಂಬ ಉತ್ತರ ಪಡೆದಳು. ಸರಿಯಾದ ಉತ್ತರ ಐದು. "ಮೊದಲನೆಯದಕ್ಕೆ ಸರಿ ಹಾಕಿದ್ದೀರಿ, ಹಾಗೆಯೇ ಮಾಡಿದರೆ ಇದು ಹೇಗೆ ತಪ್ಪಾಯಿತು?" ಎಂದು ಅವಳು ಕೇಳಿದಾಗ ನಾನು ಹಳೆಯ ಪುಟವನ್ನು ತಿರುವಿ ನೋಡಬೇಕಾಯಿತು. ತಪ್ಪು ಎರಡೂ ಕಡೆ ಒಂದೇ ಆಗಿತ್ತು. ಮೊದಲನೆಯ ಕಡೆ ಅದು ಸರಿ ಉತ್ತರದ ಮರೆಯಲ್ಲಿ ಕುಳಿತಿತ್ತು.

ಎಲೆಕ್ಟ್ರಾನ್ ವಿನ್ಯಾಸದ ತಪ್ಪುಗಳಲ್ಲಿ ಬಹಳಷ್ಟು ಈ ಜಾತಿಯವು. ಮೇಲ್ಬರಹದ ಅಂಕಿಗಳನ್ನು ಕೂಡಿದಾಗ ಮೊತ್ತ ಸರಿಹೋಗುತ್ತದೆ, ಕೆಲವೊಮ್ಮೆ ಗುಂಪಿನ ಸಂಖ್ಯೆಯೂ ಸರಿಹೋಗುತ್ತದೆ, ಆದರೂ ವಿನ್ಯಾಸ ತಪ್ಪಾಗಿರುತ್ತದೆ. ಆದ್ದರಿಂದ ಯಾವ ಪರೀಕ್ಷೆ ಯಾವ ತಪ್ಪನ್ನು ಹೊರಗೆಳೆಯುತ್ತದೆ, ಯಾವ ತಪ್ಪು ಯಾವ ಪರೀಕ್ಷೆಯ ಕಣ್ಣು ತಪ್ಪಿಸುತ್ತದೆ ಎಂಬುದನ್ನು ತಿಳಿದುಕೊಂಡೇ ಹುಡುಕಾಟಕ್ಕೆ ಇಳಿಯಬೇಕು. ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಸುಲಭವಾದ ಪರೀಕ್ಷೆಗಳು ಮೊದಲು, ಯೋಚನೆ ಬೇಡುವವು ಆಮೇಲೆ.

ಎಣಿಕೆ ಯಾವುದರಿಂದ ಶುರುವಾಯಿತು?

ಮೊದಲು ನೋಡಬೇಕಾದದ್ದು ವಿದ್ಯಾರ್ಥಿ ಯಾವ ಸಂಖ್ಯೆಯನ್ನು ಹಿಡಿದು ಎಲೆಕ್ಟ್ರಾನುಗಳನ್ನು ತುಂಬಲು ಹೊರಟರು ಎಂಬುದನ್ನು. ಪರಮಾಣು ಸಂಖ್ಯೆಯ ಬದಲು ದ್ರವ್ಯರಾಶಿ ಸಂಖ್ಯೆಯನ್ನು ಹಿಡಿದವರಿಗೆ ಸೋಡಿಯಂನಲ್ಲಿ 11ರ ಬದಲು 23 ಎಲೆಕ್ಟ್ರಾನುಗಳು ಸಿಗುತ್ತವೆ, ಮತ್ತು ಅವರು ಬರೆಯುವುದು 4ಎಸ್² 3ಡಿ³ ಎಂದು ಮುಗಿಯುವ ವಿನ್ಯಾಸವನ್ನು, ಅಂದರೆ ವೆನೇಡಿಯಂನದನ್ನು. ಸೋಡಿಯಂನಲ್ಲಿ ಡಿ ಉಪಕವಚ ಕಾಣಿಸಿಕೊಂಡ ಕೂಡಲೇ ಯಾರಿಗಾದರೂ ಅನುಮಾನ ಬರುತ್ತದೆ, ಆದ್ದರಿಂದ ಈ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಕ್ಲೋರಿನ್ನಿನ ವಿಷಯ ಹಾಗಲ್ಲ. ಅದರ ಸಾಮಾನ್ಯ ಐಸೊಟೋಪಿನ ದ್ರವ್ಯರಾಶಿ ಸಂಖ್ಯೆ 35, ಬ್ರೋಮಿನ್ನಿನ ಪರಮಾಣು ಸಂಖ್ಯೆಯೂ 35. ಹಾಗಾಗಿ 35 ಎಲೆಕ್ಟ್ರಾನುಗಳನ್ನು ತುಂಬಿದವರಿಗೆ ಕೊನೆಯಲ್ಲಿ 4ಎಸ್² 4ಪಿ⁵ ಸಿಗುತ್ತದೆ, ಹೊರಕವಚದಲ್ಲಿ ಏಳು ಎಲೆಕ್ಟ್ರಾನುಗಳು ಎಂಬ ಉತ್ತರ ಬರುತ್ತದೆ, ಗುಂಪು 17 ಎಂಬುದೂ ಸರಿಯಾಗಿಯೇ ಇರುತ್ತದೆ. ಗುಂಪನ್ನು ಮಾತ್ರ ತಾಳೆ ನೋಡುವವರು ಇಲ್ಲಿ ಮೋಸ ಹೋಗುತ್ತಾರೆ. ಇದನ್ನು ಹಿಡಿಯುವುದು ಆವರ್ತದ ಪರೀಕ್ಷೆ: ಹೊರಗಿನ ಕವಚದ ಸಂಖ್ಯೆ ಆ ಧಾತು ಇರುವ ಆವರ್ತದ ಸಂಖ್ಯೆಯೇ ಆಗಿರಬೇಕು, ಮತ್ತು ಕ್ಲೋರಿನ್ ಇರುವುದು ಮೂರನೆಯ ಆವರ್ತದಲ್ಲಿ, ನಾಲ್ಕನೆಯದರಲ್ಲಿ ಅಲ್ಲ.

ಅಯಾನುಗಳಲ್ಲಿ ಎಣಿಕೆಯ ತಪ್ಪು ಚಿಹ್ನೆಯಿಂದ ಬರುತ್ತದೆ. ಗಣಿತದಲ್ಲಿ ಪ್ಲಸ್ ಎಂದರೆ ಕೂಡುವುದು ಎಂದು ಹತ್ತು ವರ್ಷ ಕಲಿತ ಮಗು, ಸೋಡಿಯಂ ಅಯಾನಿನ ಮೇಲಿನ ಪ್ಲಸ್ ಚಿಹ್ನೆಯನ್ನು ನೋಡಿ ಒಂದು ಎಲೆಕ್ಟ್ರಾನನ್ನು ಕೂಡಿ 12 ಮಾಡಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಪ್ಲಸ್ ಇರುವುದು ಋಣ ಆವೇಶದ ಎಲೆಕ್ಟ್ರಾನನ್ನು ಕಳೆದುಕೊಂಡದ್ದರಿಂದ ಎಂದು ಒಮ್ಮೆ ಬಾಯಿಬಿಟ್ಟು ಹೇಳಿಸಿದರೆ ಸಾಕಾಗುತ್ತದೆ. ಗಂಧಕದ −2 ಅಯಾನು ಮತ್ತು ಕ್ಯಾಲ್ಸಿಯಂನ +2 ಅಯಾನುಗಳನ್ನು ಅಕ್ಕಪಕ್ಕದಲ್ಲಿ ಬರೆಸುವುದು ಒಳ್ಳೆಯ ಪರೀಕ್ಷೆ: 16ಕ್ಕೆ 2 ಕೂಡಿದರೂ 20ರಿಂದ 2 ಕಳೆದರೂ 18 ಬರಬೇಕು, ಎರಡೂ ಆರ್ಗಾನ್‌ನ ವಿನ್ಯಾಸಕ್ಕೆ ಬಂದು ನಿಲ್ಲಬೇಕು.

ಹೈಸ್ಕೂಲಿನಿಂದ ಬಂದ ಎರಡು ನಿಯಮಗಳ ಜಗಳ

ಎಣಿಕೆ ಸರಿಯಿದ್ದೂ ಪೊಟ್ಯಾಸಿಯಂನ ವಿನ್ಯಾಸ 2, 8, 9 ಎಂದು ಬಂದರೆ, ಅಥವಾ ಕಬ್ಬಿಣದ್ದು 2, 8, 8, 8 ಎಂದು ಬಂದರೆ, ದೋಷದ ಮೂಲ ಒಂಬತ್ತನೆಯ ತರಗತಿಯಲ್ಲಿದೆ. ಅಲ್ಲಿ ಒಂದು ಕವಚದಲ್ಲಿ ಹೆಚ್ಚೆಂದರೆ 2ಎನ್² (ಎನ್ ಎಂದರೆ ಕವಚದ ಸಂಖ್ಯೆ) ಎಲೆಕ್ಟ್ರಾನುಗಳು ಇರಬಹುದು ಎಂದೂ, ಹೊರಕವಚದಲ್ಲಿ ಎಂಟಕ್ಕಿಂತ ಹೆಚ್ಚು ಇರಲಾರವು ಎಂದೂ ಕಲಿಸಲಾಗುತ್ತದೆ. ಮೊದಲನೆಯ ನಿಯಮವನ್ನು ಮಾತ್ರ ನೆನಪಿಟ್ಟುಕೊಂಡವರು, ಮೂರನೆಯ ಕವಚಕ್ಕೆ 18ರ ಜಾಗ ಇರುವಾಗ ಒಂಬತ್ತನೆಯ ಎಲೆಕ್ಟ್ರಾನ್ ಯಾಕೆ ಅಲ್ಲಿಗೆ ಹೋಗಬಾರದು ಎಂದು ಕೇಳುತ್ತಾರೆ. ಎರಡನೆಯದನ್ನು ಮಾತ್ರ ನೆನಪಿಟ್ಟುಕೊಂಡವರು ಕಂಡಕಂಡಲ್ಲಿ ಎಂಟನ್ನು ಹಾಕುತ್ತಾ ಹೋಗುತ್ತಾರೆ. 2ಎನ್² ಎಂಬುದು ಒಂದು ಕವಚದ ಸಾಮರ್ಥ್ಯವನ್ನು ಹೇಳುತ್ತದೆಯೇ ಹೊರತು, ಅದು ಯಾವಾಗ ತುಂಬುತ್ತದೆ ಎಂಬುದನ್ನು ಹೇಳುವುದಿಲ್ಲ.

ಪೊಟ್ಯಾಸಿಯಂನಲ್ಲಿ 2, 8, 8, 1 ಎಂಬುದೇ ಸರಿ ಎನ್ನಲು ನಂಬಿಕೆಯ ಅಗತ್ಯವಿಲ್ಲ, ಅಳತೆಯಿದೆ. ಅದರ ಮೊದಲ ಎಲೆಕ್ಟ್ರಾನನ್ನು ಕೀಳಲು ಒಂದು ಮೋಲ್‌ಗೆ ಸುಮಾರು 419 ಕಿಲೋಜೂಲ್ ಸಾಕು. ಎರಡನೆಯದಕ್ಕೆ ಸುಮಾರು 3,052 ಕಿಲೋಜೂಲ್ ಬೇಕು. ಒಂಬತ್ತೂ ಎಲೆಕ್ಟ್ರಾನುಗಳು ಒಂದೇ ಕವಚದಲ್ಲಿ ಇದ್ದಿದ್ದರೆ ಒಂದನ್ನು ಕಿತ್ತ ಮೇಲೆ ಮುಂದಿನದಕ್ಕೆ ಏಳು ಪಟ್ಟು ಶಕ್ತಿ ಬೇಕಾಗುತ್ತಿರಲಿಲ್ಲ. ಒಂದು ಎಲೆಕ್ಟ್ರಾನ್ ಹೊರಗೆ ಒಂಟಿಯಾಗಿದೆ, ಅದರ ಒಳಗೆ ಗೋಡೆಯಿದೆ ಎಂದು ಆ ಎರಡು ಸಂಖ್ಯೆಗಳೇ ಹೇಳುತ್ತವೆ. ಮೆಗ್ನೀಸಿಯಂನಲ್ಲಿ ಆ ಗೋಡೆ ಎರಡನೆಯದರ ನಂತರ ಸಿಗುತ್ತದೆ: 738, 1,451, ಆಮೇಲೆ ಒಮ್ಮೆಲೇ 7,733. ಹೊರಕವಚದ ಎಲೆಕ್ಟ್ರಾನುಗಳನ್ನು ಎಣಿಸಿ ನೋಡಲು ಇದಕ್ಕಿಂತ ನೇರವಾದ ದಾರಿ ನನಗೆ ಗೊತ್ತಿಲ್ಲ. ಕಬ್ಬಿಣದ ವಿನ್ಯಾಸವನ್ನು ಕವಚದ ಲೆಕ್ಕದಲ್ಲಿ ಬರೆದರೆ 2, 8, 14, 2 ಬರುತ್ತದೆ. ಹದಿನಾಲ್ಕು ಎಂಬ ಸಂಖ್ಯೆ ಹೈಸ್ಕೂಲಿನ ಎರಡು ನಿಯಮಗಳಿಂದ ಹೊರಡುವುದೇ ಇಲ್ಲ, ಅದಕ್ಕಾಗಿಯೇ ಉಪಕವಚಗಳು ಬೇಕು.

ತುಂಬುವ ಕ್ರಮದಲ್ಲಿ ತಪ್ಪು

ಉಪಕವಚಗಳು ತುಂಬುವ ಕ್ರಮವನ್ನು ನೆನಪಿಡಲು ಓರೆ ಬಾಣಗಳ ಚಿತ್ರವನ್ನು ಎಲ್ಲರೂ ಬರೆಯುತ್ತಾರೆ. ಅದನ್ನು ಪರೀಕ್ಷೆಯ ಗಡಿಬಿಡಿಯಲ್ಲಿ ಉತ್ತರಪತ್ರಿಕೆಯ ಕೊನೆಯ ಪುಟದಲ್ಲಿ ಬರೆದಾಗ ಕಂಬಸಾಲುಗಳು ಒಂದರ ಕೆಳಗೊಂದು ಕೂರುವುದಿಲ್ಲ. 3ಪಿಯಿಂದ ಹೊರಟು 4ಎಸ್‌ಗೆ ಮುಟ್ಟಬೇಕಾದ ಬಾಣ 3ಡಿಯಿಂದ ಹೊರಡುತ್ತದೆ, ಮತ್ತು ಅಲ್ಲಿಂದ ಮುಂದಿನದೆಲ್ಲ ಒಂದು ಮನೆ ಪಕ್ಕಕ್ಕೆ ಸರಿಯುತ್ತದೆ. ಎರಡನೆಯ ಸಾಲಿನಲ್ಲಿ 2ಡಿ ಎಂಬ ಇಲ್ಲದ ಉಪಕವಚವನ್ನು ಬರೆದಿದ್ದರಂತೂ ಚಿತ್ರ ಮೊದಲ ಬಾಣಗಳಿಂದಲೇ ಕೆಟ್ಟಿರುತ್ತದೆ. ಆದ್ದರಿಂದ ತಪ್ಪು ವಿನ್ಯಾಸ ಕೈಗೆ ಬಂದಾಗ ಉತ್ತರಕ್ಕಿಂತ ಮೊದಲು ಆ ರಫ್ ಚಿತ್ರವನ್ನು ನೋಡುವುದು ಲೇಸು. ಕಾರಣ ಬಹುಪಾಲು ಅಲ್ಲೇ ಇರುತ್ತದೆ.

ಚಿತ್ರವಿಲ್ಲದೆಯೂ ಕ್ರಮವನ್ನು ಪರೀಕ್ಷಿಸಬಹುದು. ಪ್ರತಿ ಉಪಕವಚಕ್ಕೆ ಎನ್ + ಎಲ್ ಮೊತ್ತವನ್ನು ಕಂಡುಹಿಡಿಯಬೇಕು. ಇಲ್ಲಿ ಎಸ್‌ಗೆ ಎಲ್ ಬೆಲೆ 0, ಪಿಗೆ 1, ಡಿಗೆ 2, ಎಫ್‌ಗೆ 3. ಮೊತ್ತ ಕಡಿಮೆ ಇರುವುದು ಮೊದಲು, ಮೊತ್ತ ಸಮವಾದರೆ ಎನ್ ಕಡಿಮೆ ಇರುವುದು ಮೊದಲು. 4ಎಸ್‌ಗೆ 4, 3ಡಿಗೆ 5, 4ಪಿಗೂ 5; ಹಾಗಾಗಿ 4ಎಸ್, 3ಡಿ, 4ಪಿ ಎಂಬ ಕ್ರಮ. 1936ರಲ್ಲಿ ಇದನ್ನು ಪ್ರಕಟಿಸಿದ ಜರ್ಮನ್ ಭೌತವಿಜ್ಞಾನಿ ಎರ್ವಿನ್ ಮೇಡೆಲುಂಗ್ ಅವರ ಹೆಸರಿನಿಂದ ಈ ನಿಯಮವನ್ನು ಕರೆಯುವ ರೂಢಿಯಿದೆ. ಪಿ ಎಂದರೆ ಎರಡನೆಯದು, ಆದ್ದರಿಂದ ಅದರ ಎಲ್ ಬೆಲೆ 2 ಎಂದು ಭಾವಿಸುವ ತಪ್ಪೂ ಇಲ್ಲಿ ಆಗುತ್ತದೆ. ಎಣಿಕೆ ಸೊನ್ನೆಯಿಂದ ಶುರು.

ಉದ್ದವಾದ ವಿನ್ಯಾಸಗಳಲ್ಲಿ ನಡುವೆ ತಪಾಸಣೆ ಗೇಟುಗಳನ್ನು ಇಟ್ಟುಕೊಳ್ಳಬೇಕು. ಜಡ ಅನಿಲಗಳ ಪರಮಾಣು ಸಂಖ್ಯೆಗಳಾದ 2, 10, 18, 36, 54, 86 ಅಂಥ ಗೇಟುಗಳು. ಹೀಲಿಯಂ ಒಂದನ್ನು ಬಿಟ್ಟು ಉಳಿದ ಪ್ರತಿಯೊಂದು ಗೇಟಿನಲ್ಲೂ ಆಗಷ್ಟೇ ಪಿ⁶ ತುಂಬಿ ಮುಗಿದಿರಬೇಕು. ಇಲ್ಲದಿದ್ದರೆ ತಪ್ಪು ಆ ಗೇಟಿಗೂ ಅದರ ಹಿಂದಿನದಕ್ಕೂ ನಡುವೆ ಇದೆ ಎಂದು ತಿಳಿಯಬೇಕು. ಅಯೊಡಿನ್ನಿನಲ್ಲಿ ಆಗುವುದನ್ನು ನೋಡೋಣ. ಒಟ್ಟು 53, ಅದರಲ್ಲಿ ಕ್ರಿಪ್ಟಾನ್‌ವರೆಗೆ 36, ಉಳಿದದ್ದು 17. ಅವಸರದಲ್ಲಿರುವವರು 5ಎಸ್² 5ಪಿ⁶ ತುಂಬಿ, ಉಳಿದ ಒಂಬತ್ತನ್ನು 5ಡಿಗೆ ಹಾಕುತ್ತಾರೆ. ಮೊತ್ತ 53 ಸರಿಯಾಗಿಯೇ ಇದೆ. ಆದರೆ ಡಿ ಉಪಕವಚ ತನ್ನ ಆವರ್ತಕ್ಕಿಂತ ಒಂದು ಸಂಖ್ಯೆ ಹಿಂದಿರುತ್ತದೆ, ಎಫ್ ಎರಡು ಸಂಖ್ಯೆ ಹಿಂದಿರುತ್ತದೆ ಎಂಬುದನ್ನು ನೆನಪಿಟ್ಟವರು ಐದನೆಯ ಆವರ್ತದಲ್ಲಿ 5ಡಿ ಕಂಡ ಕೂಡಲೇ ನಿಲ್ಲುತ್ತಾರೆ. ಸರಿಯಾದದ್ದು [ಕ್ರಿಪ್ಟಾನ್] 4ಡಿ¹⁰ 5ಎಸ್² 5ಪಿ⁵.

ಇರಲಾರದ ಸಂಕೇತಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1ಪಿ, 2ಡಿ, 3ಎಫ್ ಇಲ್ಲ, ಯಾಕೆಂದರೆ ಎಲ್ ಬೆಲೆ ಎನ್‌ಗಿಂತ ಒಂದು ಕಡಿಮೆಯವರೆಗೆ ಮಾತ್ರ ಹೋಗುತ್ತದೆ. ಎಸ್³, ಪಿ⁷, ಡಿ¹¹ ಇಲ್ಲ, ಯಾಕೆಂದರೆ ಆ ಉಪಕವಚಗಳಲ್ಲಿ ಕ್ರಮವಾಗಿ 1, 3, 5 ಆರ್ಬಿಟಲ್‌ಗಳಿದ್ದು, 1925ರಲ್ಲಿ ವೋಲ್ಫ್‌ಗಾಂಗ್ ಪೌಲಿ ಹೇಳಿದ ತತ್ವದಂತೆ ಒಂದೊಂದರಲ್ಲಿ ಎರಡಕ್ಕಿಂತ ಹೆಚ್ಚು ಎಲೆಕ್ಟ್ರಾನುಗಳು ಇರಲಾರವು. ಇಂಥ ತಪ್ಪು ಪದೇಪದೇ ಬಂದರೆ ವಿದ್ಯಾರ್ಥಿ ಉಪಕವಚವನ್ನೂ ಆರ್ಬಿಟಲನ್ನೂ ಒಂದೇ ಎಂದುಕೊಂಡಿದ್ದಾರೆ ಎಂದರ್ಥ. ಒಂದೊಂದು ಆರ್ಬಿಟಲ್‌ಗೆ ಒಂದೊಂದು ಚೌಕ, ಒಂದೊಂದು ಎಲೆಕ್ಟ್ರಾನಿಗೆ ಒಂದೊಂದು ಬಾಣ ಎಂದು ಬರೆಸಿದರೆ ಅದು ಸರಿಯಾಗುತ್ತದೆ.

ಚೌಕಗಳ ಒಳಗಿನ ತಪ್ಪು

ಸಾಲಿನಲ್ಲಿ ಬರೆದ 2ಪಿ³ ಸರಿಯಿದ್ದು, ಚೌಕಗಳಲ್ಲಿ ಅದೇ ↑↓ ↑ ಮತ್ತು ಒಂದು ಖಾಲಿ ಎಂದು ಆಗಿದ್ದರೆ, ಸಾಲನ್ನು ಮಾತ್ರ ನೋಡುವ ಪರೀಕ್ಷಕರಿಗೆ ತಪ್ಪು ಕಾಣುವುದೇ ಇಲ್ಲ. ನೈಟ್ರೋಜನ್ನಿನಲ್ಲಿ ಮೂರು ಎಲೆಕ್ಟ್ರಾನುಗಳು ಮೂರು ಚೌಕಗಳಲ್ಲಿ, ಮೂರೂ ಒಂದೇ ದಿಕ್ಕಿನ ಬಾಣಗಳಾಗಿ ಇರಬೇಕು ಎನ್ನುವುದು ಹುಂಡ್ ನಿಯಮ. ಇದನ್ನು ವಿವರಿಸಲು ಖಾಲಿ ಬಸ್ಸಿನ ಹೋಲಿಕೆಯನ್ನು ನಾವೆಲ್ಲ ಬಳಸುತ್ತೇವೆ: ಹತ್ತಿದವರು ಮೊದಲು ಒಬ್ಬೊಬ್ಬರೇ ಒಂದೊಂದು ಸೀಟು ಹಿಡಿಯುತ್ತಾರೆ, ಆಮೇಲೆ ಪಕ್ಕದಲ್ಲಿ ಕೂರುತ್ತಾರೆ. ಹೋಲಿಕೆ ಕೆಟ್ಟದ್ದಲ್ಲ, ಆದರೆ ನಿಯಮದ ಅರ್ಧವನ್ನಷ್ಟೇ ಹೇಳುತ್ತದೆ. ಸ್ಪಿನ್‌ಗಳು ಒಂದೇ ದಿಕ್ಕಿನಲ್ಲಿರಬೇಕು ಎಂಬ ಇನ್ನರ್ಧ ಬಸ್ಸಿನಲ್ಲಿ ಕಾಣುವುದಿಲ್ಲ, ಆದ್ದರಿಂದಲೇ ↑ ↓ ↑ ಎಂದು ಬರೆಯುವ ಮಕ್ಕಳು ತಾವು ಬಸ್ಸಿನ ನಿಯಮವನ್ನು ಸರಿಯಾಗಿ ಪಾಲಿಸಿದ್ದೇವೆ ಎಂದು ವಾದಿಸುತ್ತಾರೆ. ಅವರ ವಾದ ನ್ಯಾಯವಾದದ್ದು. ತಪ್ಪು ಹೋಲಿಕೆ ಕೊಟ್ಟವರದು.

ಇಲ್ಲಿಯೂ ಅಳತೆಯ ಸಾಕ್ಷಿಯಿದೆ. ಆವರ್ತದಲ್ಲಿ ಎಡದಿಂದ ಬಲಕ್ಕೆ ಹೋದಂತೆ ಅಯಾನೀಕರಣ ಶಕ್ತಿ, ಅಂದರೆ ಮೊದಲ ಎಲೆಕ್ಟ್ರಾನನ್ನು ಕೀಳಲು ಬೇಕಾದ ಶಕ್ತಿ, ಹೆಚ್ಚಬೇಕು, ಆದರೆ ನೈಟ್ರೋಜನ್ನಿನದು 1,402 ಇದ್ದರೆ ಮುಂದಿನ ಆಮ್ಲಜನಕದ್ದು 1,314ಕ್ಕೆ ಇಳಿಯುತ್ತದೆ. ಆಮ್ಲಜನಕದ ನಾಲ್ಕನೆಯ ಪಿ ಎಲೆಕ್ಟ್ರಾನ್ ಅದಾಗಲೇ ಒಬ್ಬರು ಇರುವ ಆರ್ಬಿಟಲ್‌ಗೆ ಹೋಗಿ ಕೂತಿದೆ, ಪಕ್ಕದ ಎಲೆಕ್ಟ್ರಾನ್ ಅದನ್ನು ವಿಕರ್ಷಿಸುತ್ತದೆ, ಹಾಗಾಗಿ ಅದನ್ನು ಕೀಳುವುದು ಸುಲಭ. ಕೆಳಗಿನ ಆವರ್ತದಲ್ಲಿ ರಂಜಕ 1,012, ಗಂಧಕ 1,000. ಇಳಿತ ಚಿಕ್ಕದು, ಕಾರಣ ಅದೇ. ನೈಟ್ರೋಜನ್ನಿನಲ್ಲೇ ಜೋಡಿ ಕಟ್ಟಿದವರು ಈ ಇಳಿತವನ್ನು ಎಲ್ಲಿಂದ ತರುತ್ತಾರೆ ಎಂದು ಕೇಳಿದರೆ ತಪ್ಪು ಅವರಿಗೇ ಹೊಳೆಯುತ್ತದೆ.

ಕ್ರೋಮಿಯಂ, ತಾಮ್ರ, ಮತ್ತು ಅತಿ ರಿಪೇರಿ

ಕ್ರೋಮಿಯಂ [ಆರ್ಗಾನ್] 3ಡಿ⁵ 4ಎಸ್¹, ತಾಮ್ರ [ಆರ್ಗಾನ್] 3ಡಿ¹⁰ 4ಎಸ್¹. ಇವನ್ನು ಮರೆತು ಕ್ರಮದ ಪ್ರಕಾರ 3ಡಿ⁴ 4ಎಸ್² ಮತ್ತು 3ಡಿ⁹ 4ಎಸ್² ಎಂದು ಬರೆದರೆ ಜೋಡಿಯಾಗದ ಎಲೆಕ್ಟ್ರಾನುಗಳ ಪರೀಕ್ಷೆ ಕ್ರೋಮಿಯಂನ ತಪ್ಪನ್ನು ಹಿಡಿಯುತ್ತದೆ: ಸರಿಯಾದ ವಿನ್ಯಾಸದಲ್ಲಿ ಆರು, ತಪ್ಪಿನಲ್ಲಿ ನಾಲ್ಕು. ತಾಮ್ರದ ತಪ್ಪನ್ನು ಅದು ಹಿಡಿಯುವುದಿಲ್ಲ, ಏಕೆಂದರೆ ಎರಡರಲ್ಲೂ ಒಂದೇ ಒಂದು. ತಾಮ್ರಕ್ಕೆ ಅದರ +1 ಅಯಾನನ್ನು ಬರೆಸಬೇಕು. ಸರಿಯಾದ ದಾರಿಯಲ್ಲಿ ಬಂದವರಿಗೆ 3ಡಿ¹⁰ ಸಿಗುತ್ತದೆ, ಜೋಡಿಯಾಗದ್ದು ಸೊನ್ನೆ. ತಪ್ಪು ದಾರಿಯವರಿಗೆ 3ಡಿ⁹ 4ಎಸ್¹ ಸಿಕ್ಕಿ ಎರಡು ಉಳಿಯುತ್ತವೆ.

ಇದಕ್ಕಿಂತ ಹೆಚ್ಚು ತೊಂದರೆ ಕೊಡುವುದು ರಿಪೇರಿಯಿಂದ ಹುಟ್ಟುವ ದೋಷ. ಅರ್ಧ ತುಂಬಿದ ಮತ್ತು ಪೂರ್ಣ ತುಂಬಿದ ಉಪಕವಚಕ್ಕೆ ಹೆಚ್ಚಿನ ಸ್ಥಿರತೆ ಇದೆ ಎಂದು ಹೇಳಿದ ಮರುದಿನ ಕಾರ್ಬನ್ನನ್ನು 2ಎಸ್¹ 2ಪಿ³ ಎಂದು ಬರೆಯುವವರು ತರಗತಿಯಲ್ಲಿ ಕಾಣಿಸಿಕೊಳ್ಳುತ್ತಾರೆ. 4ಎಸ್ ಮತ್ತು 3ಡಿಗಳ ಶಕ್ತಿ ಹತ್ತಿರ ಹತ್ತಿರ ಇರುವುದರಿಂದ ಕ್ರೋಮಿಯಂನಲ್ಲಿ ಒಂದು ಎಲೆಕ್ಟ್ರಾನ್ ಆಚೆ ಹೋಗುವುದು ಲಾಭಕರ. 2ಎಸ್ ಮತ್ತು 2ಪಿಗಳ ನಡುವಿನ ಅಂತರ ದೊಡ್ಡದು, ಅಲ್ಲಿ ಆ ಲಾಭ ಇಲ್ಲ. ಕಾರ್ಬನ್ನಿನ 2ಎಸ್¹ 2ಪಿ³ ಎಂಬುದು ಬಂಧಗಳ ಪಾಠದಲ್ಲಿ ಬರುವ ಉದ್ರಿಕ್ತ ಸ್ಥಿತಿ, ಮೂಲಸ್ಥಿತಿ ಅಲ್ಲ. ಉದ್ರಿಕ್ತ ಸ್ಥಿತಿ ಎಂದರೇನು ಎಂದು ತೋರಿಸಲು ಪ್ರಯೋಗಶಾಲೆಯೂ ಬೇಡ: ಗ್ಯಾಸ್ ಒಲೆಯ ಮೇಲೆ ಉಪ್ಪು ಹಾಕಿದ ಗಂಜಿ ಉಕ್ಕಿ ನೀಲಿ ಜ್ವಾಲೆಯ ಮೇಲೆ ಬಿದ್ದಾಗ ಏಳುವ ಹಳದಿ ಬೆಳಕು, 3ಪಿಗೆ ಏರಿದ ಸೋಡಿಯಂ ಎಲೆಕ್ಟ್ರಾನ್ 3ಎಸ್‌ಗೆ ಮರಳುವಾಗ ಹೊಮ್ಮುವ 589 ನ್ಯಾನೋಮೀಟರ್ ಬೆಳಕು. ಏರಿದ್ದು ಕ್ಷಣಮಾತ್ರ, ಅದನ್ನು ಸೋಡಿಯಂನ ವಿನ್ಯಾಸ ಎಂದು ಯಾರೂ ಬರೆಯುವುದಿಲ್ಲ.

ಅರ್ಧ ತುಂಬಿದ ಸ್ಥಿರತೆಯನ್ನು ಎಲ್ಲೆಡೆ ಅನ್ವಯಿಸುವವರಿಗೆ ನಾನು ಟಂಗ್‌ಸ್ಟನ್ ತೋರಿಸುತ್ತೇನೆ. ಅದು ಕ್ರೋಮಿಯಂನದೇ ಗುಂಪಿನಲ್ಲಿದೆ, ಆದರೂ ಅದರ ವಿನ್ಯಾಸ 5ಡಿ⁴ 6ಎಸ್² ಎಂದೇ ಮುಗಿಯುತ್ತದೆ. ನಡುವಿನ ಮಾಲಿಬ್ಡಿನಂ ಮಾತ್ರ 4ಡಿ⁵ 5ಎಸ್¹. ಪಲ್ಲೇಡಿಯಂನಲ್ಲಿ 5ಎಸ್ ಪೂರ್ತಿ ಖಾಲಿ, 4ಡಿ¹⁰ ಮಾತ್ರ. ಈ ಸ್ಥಿರತೆಯ ಮಾತು ಕಾರಣದ ಒಂದು ಭಾಗ ಮಾತ್ರ, ಪೂರ್ತಿ ಕಾರಣವಲ್ಲ. ಪ್ರಥಮ ಪಿಯುಸಿಯಲ್ಲಿ ಕ್ರೋಮಿಯಂ ಮತ್ತು ತಾಮ್ರಗಳನ್ನು ನೆನಪಿಟ್ಟುಕೊಂಡು, ಉಳಿದ ಕಡೆ ಕ್ರಮವನ್ನೇ ಪಾಲಿಸುವುದು ಕ್ಷೇಮ.

ಅಯಾನು ಮಾಡುವಾಗ ಯಾವುದನ್ನು ಕೀಳಬೇಕು?

ಆರಂಭದಲ್ಲಿ ಹೇಳಿದ ನೋಟ್‌ಬುಕ್ಕಿನ ತಪ್ಪು ಇಲ್ಲಿಯದು. 4ಎಸ್ ಮೊದಲು ತುಂಬುತ್ತದೆ, 3ಡಿ ಆಮೇಲೆ ತುಂಬುತ್ತದೆ. ಆದ್ದರಿಂದ ಕೊನೆಗೆ ಬಂದದ್ದು ಮೊದಲು ಹೋಗಬೇಕು ಎಂಬುದು ಆ ವಿದ್ಯಾರ್ಥಿನಿಯ ತರ್ಕ. ತರ್ಕದಲ್ಲಿ ಬಿರುಕಿಲ್ಲ, ಆದರೆ ಅದು ನಿಂತಿರುವ ನೆಲ ಸರಿಯಿಲ್ಲ. ತುಂಬುವ ಕ್ರಮ ಎಂದು ನಾವು ಹೇಳುವುದು ಒಂದೇ ಪರಮಾಣುವಿನ ಒಳಗೆ ನಡೆಯುವ ಘಟನೆಯಲ್ಲ. ಆವರ್ತ ಕೋಷ್ಟಕದಲ್ಲಿ ಒಂದು ಧಾತುವಿನಿಂದ ಮುಂದಿನದಕ್ಕೆ ಹೋಗುವಾಗ ಎಲೆಕ್ಟ್ರಾನಿನ ಜೊತೆಗೆ ಬೀಜದಲ್ಲಿ ಒಂದು ಪ್ರೋಟಾನೂ ಸೇರುತ್ತದೆ, ಮತ್ತು ಆ ಪ್ರೋಟಾನ್ ಎಲ್ಲ ಉಪಕವಚಗಳ ಶಕ್ತಿಯನ್ನೂ ಬದಲಾಯಿಸುತ್ತದೆ. ಅಯಾನು ಆಗುವಾಗಲಾದರೋ ಪ್ರೋಟಾನುಗಳು ಇದ್ದಷ್ಟೇ ಇರುತ್ತವೆ, ಎಲೆಕ್ಟ್ರಾನುಗಳು ಮಾತ್ರ ಹೋಗುತ್ತವೆ. ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಒಂದೇ ಪಟ್ಟಿಯಿಂದ ಉತ್ತರ ಓದಲು ಹೋದದ್ದೇ ದೋಷ.

ಇದನ್ನು ಕಣ್ಣಿಗೆ ಕಾಣುವಂತೆ ತೋರಿಸುವ ಒಂದು ಉದಾಹರಣೆಯಿದೆ. ಪೊಟ್ಯಾಸಿಯಂ ಪರಮಾಣು, ಕ್ಯಾಲ್ಸಿಯಂನ +1 ಅಯಾನು, ಸ್ಕ್ಯಾಂಡಿಯಂನ +2 ಅಯಾನು, ಈ ಮೂರರಲ್ಲೂ ಇರುವುದು 19 ಎಲೆಕ್ಟ್ರಾನುಗಳು. ಹದಿನೆಂಟು ಆರ್ಗಾನ್‌ನ ವಿನ್ಯಾಸದಲ್ಲಿ ಕುಳಿತ ಮೇಲೆ ಹತ್ತೊಂಬತ್ತನೆಯದು ಎಲ್ಲಿ ಇರಬೇಕು? ಪೊಟ್ಯಾಸಿಯಂನಲ್ಲಿ 4ಎಸ್, ಕ್ಯಾಲ್ಸಿಯಂ ಅಯಾನಿನಲ್ಲೂ 4ಎಸ್, ಆದರೆ ಸ್ಕ್ಯಾಂಡಿಯಂ ಅಯಾನಿನಲ್ಲಿ 3ಡಿ. ಎಲೆಕ್ಟ್ರಾನುಗಳ ಸಂಖ್ಯೆ ಬದಲಾಗಿಲ್ಲ, ಬದಲಾದದ್ದು ಪ್ರೋಟಾನುಗಳ ಸಂಖ್ಯೆ: 19, 20, 21. ಬೀಜದ ಸೆಳೆತ ಹೆಚ್ಚಿದಂತೆ 3ಡಿ ಒಳಗೆ ಸರಿದು ಕೆಳಕ್ಕೆ ಇಳಿಯುತ್ತದೆ, ಮತ್ತು ಸ್ಕ್ಯಾಂಡಿಯಂಗೆ ಬರುವಷ್ಟರಲ್ಲಿ ಅದು 4ಎಸ್‌ಗಿಂತ ಕೆಳಗಿದೆ. ಹಾಗಾದರೆ ಸ್ಕ್ಯಾಂಡಿಯಂ ಪರಮಾಣುವಿನಲ್ಲಿ ಮೂರೂ ಎಲೆಕ್ಟ್ರಾನುಗಳು 3ಡಿಯಲ್ಲೇ ಯಾಕಿಲ್ಲ ಎಂದು ಚುರುಕಾದ ಮಕ್ಕಳು ಕೇಳುತ್ತಾರೆ. 3ಡಿ ಆರ್ಬಿಟಲ್‌ಗಳು ಬೀಜಕ್ಕೆ ಹತ್ತಿರದ ಇಕ್ಕಟ್ಟಾದ ಜಾಗ; ಅಲ್ಲಿ ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆ ಹೆಚ್ಚು. ಒಂದು ಎಲೆಕ್ಟ್ರಾನ್ ಒಳಗೆ ಹೋಗಿ, ಉಳಿದೆರಡು ಹೊರಗಿನ ವಿಶಾಲವಾದ 4ಎಸ್‌ನಲ್ಲಿ ಉಳಿದರೆ ಒಟ್ಟು ಶಕ್ತಿ ಕಡಿಮೆಯಾಗುತ್ತದೆ, ಹಾಗಾಗಿ 3ಡಿ¹ 4ಎಸ್². ಕೀಳಲು ಹೋದಾಗ ಕೈಗೆ ಮೊದಲು ಸಿಗುವುದು ಹೊರಗಿರುವ 4ಎಸ್.

ರಿಪೇರಿ ಸರಳವಾಗಿದೆ. ಎಲೆಕ್ಟ್ರಾನ್ ಕೀಳುವ ಮೊದಲು ವಿನ್ಯಾಸವನ್ನು ಕವಚದ ಕ್ರಮದಲ್ಲಿ, ಅಂದರೆ [ಆರ್ಗಾನ್] 3ಡಿ⁶ 4ಎಸ್² ಎಂದು ಮರುಬರೆಯಬೇಕು. ಆಮೇಲೆ ಬಲತುದಿಯಿಂದ ಕೀಳುತ್ತಾ ಬರಬೇಕು. ಕಬ್ಬಿಣದ +2ಗೆ 3ಡಿ⁶, +3ಗೆ 3ಡಿ⁵. "ಎಸ್ ಮೊದಲು ಹೋಗುತ್ತದೆ" ಎಂಬ ಘೋಷಣೆಯನ್ನು ಮಾತ್ರ ಬಾಯಿಪಾಠ ಮಾಡಿಸಬಾರದು. ಅದನ್ನು ಬಾಯಿಪಾಠ ಮಾಡಿದವರು ತವರದ +2 ಅಯಾನಿನಲ್ಲಿ 5ಎಸ್² ಕಿತ್ತು 5ಪಿ² ಉಳಿಸುತ್ತಾರೆ. ಕವಚದ ಕ್ರಮದಲ್ಲಿ ಬರೆದ [ಕ್ರಿಪ್ಟಾನ್] 4ಡಿ¹⁰ 5ಎಸ್² 5ಪಿ² ಎಂಬುದರ ಬಲತುದಿಯಲ್ಲಿ ಇರುವುದು 5ಪಿ. ಹೋಗುವುದು ಅದೇ, ಉಳಿಯುವುದು 5ಎಸ್².

ಇನ್ನು ಈ ತಪ್ಪನ್ನು ಯಾವ ಅಯಾನು ಹೊರಗೆಡವುತ್ತದೆ ಎಂಬ ಪ್ರಶ್ನೆ. ಕಬ್ಬಿಣದ +2 ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ 3ಡಿ⁶ರಲ್ಲೂ 4ಎಸ್² 3ಡಿ⁴ರಲ್ಲೂ ಜೋಡಿಯಾಗದವು ನಾಲ್ಕೇ. ಕ್ರೋಮಿಯಂನ +3 ಕೂಡ ಹಾಗೆಯೇ: ಸರಿಯಾದ 3ಡಿ³ರಲ್ಲಿ ಮೂರು, 3ಡಿ⁵ರಿಂದ ಮೂರನ್ನು ಕಿತ್ತು 3ಡಿ² 4ಎಸ್¹ ಎಂದು ಬರೆದವರಿಗೂ ಮೂರು. ಈ ಎರಡು ಅಯಾನುಗಳನ್ನು ಕಿರುಪರೀಕ್ಷೆಗೆ ಕೊಡುವ ಅಧ್ಯಾಪಕರು, ನಾನು ಕೊಟ್ಟಂತೆ, ತಪ್ಪಿಗೆ ಅಂಕ ಕೊಡುತ್ತಾರೆ. ಮ್ಯಾಂಗನೀಸ್ +2 ಕೊಟ್ಟರೆ ಐದು ಮತ್ತು ಮೂರು ಎಂದು ಬೇರೆಯಾಗುತ್ತದೆ. ಕೋಬಾಲ್ಟ್ +2ರಲ್ಲಿ ಮೂರು ಮತ್ತು ಐದು. ನಿಕ್ಕಲ್ +2ರಲ್ಲಿ ಎರಡು ಮತ್ತು ನಾಲ್ಕು. ಎಲ್ಲಕ್ಕಿಂತ ಚೆನ್ನಾದದ್ದು ಸತುವಿನ +2: ಸರಿಯಾದ 3ಡಿ¹⁰ರಲ್ಲಿ ಜೋಡಿಯಾಗದ್ದು ಒಂದೂ ಇಲ್ಲ, ತಪ್ಪಾದ 3ಡಿ⁸ 4ಎಸ್²ರಲ್ಲಿ ಎರಡು.

ಬಾಟಲಿಗಳ ಸಾಕ್ಷಿ, ಅದರ ಮಿತಿ

ಪುಸ್ತಕದ ಉತ್ತರವನ್ನು ನಂಬದ ವಿದ್ಯಾರ್ಥಿಗಳನ್ನು ಪ್ರಯೋಗಶಾಲೆಯ ಕಪಾಟಿನ ಮುಂದೆ ನಿಲ್ಲಿಸಬಹುದು. ಸತುವಿನ ಸಲ್ಫೇಟಿನ ದ್ರಾವಣಕ್ಕೆ ಬಣ್ಣವಿಲ್ಲ, ತಾಮ್ರದ ಸಲ್ಫೇಟಿನ ದ್ರಾವಣ ನೀಲಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ತಯಾರಿಸುವ ಮಲೆನಾಡಿನ ಮನೆಗಳ ಮಕ್ಕಳಿಗೆ ಆ ನೀಲಿಯನ್ನು ತೋರಿಸಬೇಕಾಗಿಯೂ ಇಲ್ಲ. ಅವರ ಹಳೆಯ ಬಕೆಟ್ಟುಗಳ ಅಂಚಿನಲ್ಲಿ ಅದು ಅಂಟಿಕೊಂಡಿರುತ್ತದೆ. ತಾಮ್ರದ +2 ಅಯಾನು 3ಡಿ⁹, ಅದರ ಡಿ ಉಪಕವಚದಲ್ಲಿ ಒಂದು ಜಾಗ ಖಾಲಿಯಿದೆ, ಡಿ ಆರ್ಬಿಟಲ್‌ಗಳ ನಡುವೆ ಎಲೆಕ್ಟ್ರಾನ್ ಜಿಗಿಯುವಾಗ ಗೋಚರ ಬೆಳಕಿನ ಒಂದು ಭಾಗ ಹೀರಲ್ಪಡುತ್ತದೆ. ಸತುವಿನಲ್ಲಿ 3ಡಿ¹⁰ ಭರ್ತಿಯಾಗಿದೆ, ಜಿಗಿಯಲು ಜಾಗವಿಲ್ಲ. ಸತುವಿನ ಅಯಾನನ್ನು 3ಡಿ⁸ ಎಂದು ಬರೆದವರು ಆ ದ್ರಾವಣಕ್ಕೆ ಬಣ್ಣ ಯಾಕಿಲ್ಲ ಎಂಬುದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಆದರೆ ಬಣ್ಣದ ಸಾಕ್ಷಿಯನ್ನು ಎಚ್ಚರಿಕೆಯಿಂದ ಬಳಸಬೇಕು. ಮೈಲುತುತ್ತದ ಹರಳುಗಳನ್ನು ಕಾಯಿಸಿದರೆ ನೀರು ಹೋಗಿ ಬಿಳಿ ಪುಡಿ ಉಳಿಯುತ್ತದೆ, ಅದರಲ್ಲೂ ಇರುವುದು ಅದೇ 3ಡಿ⁹ ಅಯಾನು. ಹಾಗಾಗಿ ಹೋಲಿಕೆಯನ್ನು ನೀರಿನ ದ್ರಾವಣಗಳ ನಡುವೆ ಮಾತ್ರ ಮಾಡಬೇಕು. ಪೊಟ್ಯಾಸಿಯಂ ಪರ್ಮಾಂಗನೇಟಿನ ಕಡು ನೇರಳೆಯಂತೂ ದಾರಿ ತಪ್ಪಿಸಲೆಂದೇ ಇರುವಂತಿದೆ. ಅಲ್ಲಿ ಮ್ಯಾಂಗನೀಸ್ +7 ಸ್ಥಿತಿಯಲ್ಲಿದ್ದು ಡಿ ಎಲೆಕ್ಟ್ರಾನ್ ಒಂದೂ ಇಲ್ಲ. ಬಣ್ಣ ಬರುವುದು ಆಮ್ಲಜನಕದಿಂದ ಮ್ಯಾಂಗನೀಸಿನತ್ತ ಎಲೆಕ್ಟ್ರಾನ್ ಸರಿಯುವುದರಿಂದ. ಐದು ಡಿ ಎಲೆಕ್ಟ್ರಾನುಗಳಿರುವ ಮ್ಯಾಂಗನೀಸ್ +2ರ ದ್ರಾವಣ ಕಂಡೂ ಕಾಣದಷ್ಟು ತಿಳಿಗುಲಾಬಿ. ಬಣ್ಣ ಹೆಚ್ಚು ಗಾಢವಾದಷ್ಟೂ ಡಿ ಎಲೆಕ್ಟ್ರಾನುಗಳು ಹೆಚ್ಚು ಎಂದು ಊಹಿಸಿದವರಿಗೆ ಈ ಎರಡು ಬಾಟಲಿಗಳು ಸಾಕು.

ಕಾಂತೀಯತೆಯ ಅಳತೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ. ಜೋಡಿಯಾಗದ ಎಲೆಕ್ಟ್ರಾನುಗಳ ಸಂಖ್ಯೆಗೆ ಅದಕ್ಕಿಂತ ಎರಡು ಹೆಚ್ಚಿನ ಸಂಖ್ಯೆಯನ್ನು ಗುಣಿಸಿ ವರ್ಗಮೂಲ ತೆಗೆದರೆ ಮ್ಯಾಗ್ನೆಟಿಕ್ ಮೊಮೆಂಟ್ ಬೋರ್ ಮ್ಯಾಗ್ನೆಟಾನ್‌ಗಳಲ್ಲಿ ಸಿಗುತ್ತದೆ. ಕಬ್ಬಿಣದ +3ರಲ್ಲಿ ಐದು ಎಂದರೆ 5.92 ಬರಬೇಕು, ಮೂರು ಎಂದರೆ 3.87, ಸಾಮಾನ್ಯ ಲವಣಗಳಲ್ಲಿ ಅಳೆದಾಗ ಸಿಗುವುದು ಸುಮಾರು 5.9.

ಆ ವಿದ್ಯಾರ್ಥಿನಿಗೆ ಸತುವಿನ ಅಯಾನನ್ನು ಕೊಟ್ಟೆ. ಮೊದಲು 4ಎಸ್² 3ಡಿ⁸ ಎಂದು ಬರೆದಳು, ಕಪಾಟಿನ ಬಣ್ಣವಿಲ್ಲದ ಬಾಟಲಿಯನ್ನು ನೋಡಿದಳು, ಹೊಡೆದುಹಾಕಿ 3ಡಿ¹⁰ ಎಂದಳು. ಆಮೇಲೆ ತಾನಾಗಿಯೇ ಹಿಂದಿನ ವಾರದ ಪುಟಕ್ಕೆ ಹೋಗಿ, ನನ್ನ ಕೆಂಪು ಗುರುತಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ [ಆರ್ಗಾನ್] 3ಡಿ⁶ ಎಂದು ಬರೆದಳು. ಕೆಳಗಿನ ಉತ್ತರ, ನಾಲ್ಕು, ಇದ್ದ ಹಾಗೆಯೇ ಉಳಿಯಿತು.